ಹಾದಿಗುಂಟ ಭಂಗಿ

ನವೆಂಬರ್ 18, ಸೋಮವಾರ

ಮೂರನೇ ರೈಲ್ವೆ ಗೇಟಿನ ತನಕ ನಡೆದು ಹೋಗಿ ಆಫೀಸಿಗೆ ಖಾನಾಪುರ ಬಸ್ಸು ಹಿಡಿದೆ. ನಿಂತೇ ಪ್ರಯಾಣ. ಕಂಡಕ್ಟರ್ ‘ಪುಢೇ ಚಲಾ, ಪುಢೇ ಚಲಾ’ ಅಂತಾನೆ. ಮುಂದೆ ಡ್ರೈವರನ ತೊಡೆಯೊಂದೇ ಖಾಲಿ ಇತ್ತು.

ಜೀಪು ಇನ್ನೂ ಬಂದಿಲ್ಲ. ಕ್ಲಚ್ ಹೋಗಿ ಆಟೋ ನಗರದ ಗ್ಯಾರೇಜು ಸೇರಿದೆ. ಜೀಪಿಲ್ಲದ ಅಬಕಾರಿ ಆಫೀಸು ಅಂದರೆ ಚಾ ಕುಡಿಯುವ ಆಫೀಸು.

ಮಧ್ಯಾಹ್ನ ಒಂದು ಫೋನ್. ಹೆಸರು ಹೇಳಲಿಲ್ಲ. ಘಟ್ಟದ ಮೇಲಿನ ವಾಡಿಯಲ್ಲಿ, ಎಮ್ಮೆ ಕೊಟ್ಟಿಗೆಯ ಹಿಂದೆ ಎರಡು ಗಾಂಜಾ ಗಿಡ, ಆಳೆತ್ತರ. ಬೆಳೆದವಳು ಕಾಡವ್ವ.

ಕಾಡವ್ವ ಅಂದರೆ ನನ್ನ ಅಪ್ಪನ ಅಕ್ಕ.

ಮುಚ್ಚಿಡಲಿಲ್ಲ. ಇನ್ಸ್‌ಪೆಕ್ಟರ್ ಶಾಂತಿನಾಥ ಸಾಹೇಬರಿಗೆ ಹೇಳಿಯೇ ಬಿಟ್ಟೆ, ‘ಸರ್, ಅಕಿ ನಮ್ಮ ಸೋದರತ್ತಿ ರೀ.’

‘ಛಲೋನ ಆತಲ್ಲ, ಹಾದಿ ಕೇಳೂದು ತಪ್ಪಿತು,’ ಅಂದರು. ‘ಹೆಣ್ಮಗಳ ಕೇಸು. ಲೇಡಿ ಗಾರ್ಡ್ ಬೇಕಾಗತೈತಿ. ನಿನ್ನ ಬಿಟ್ಟ ಯಾರದಾರ ಹೇಳು?’

ಯಾರೂ ಇಲ್ಲ. ಜೀಪು ಬಂದ ಮರುದಿನವೇ ಹೋಗುವುದಂತೆ.

ನವೆಂಬರ್ 24, ರವಿವಾರ

ವಾಡಿಗೆ ಹೋಗಿ ಬಂದೆ. ಡಾಂಬರು ಮುಗಿದ ಮೇಲೆ ಕಾಡಿನ ಕಾಲುಹಾದಿ. ಮೊಬೈಲಿಗೆ ನೆಟ್‌ವರ್ಕ್ ಇಲ್ಲ, ಇದ್ದಿದ್ದರೆ ಯಾಕೆ ಈ ಹತ್ತುವ ಕೆಲಸ. ನೌಕರಿ ಹೋಗುವಂಥ ಕೆಲಸ ಬೇರೆ.

ಅತ್ತೆ ಎಮ್ಮೆ ಹಿಂಡುತ್ತಿದ್ದಳು. ನಿಂತಲ್ಲೇ ಹೇಳಿದೆ, ‘ಅತ್ತಿ, ಗಾಂಜಾ ಕಿತ್ತ ಒಗಿ. ನಾವ ಬರಾಕತ್ತೇವಿ.’

‘ಗಾಂಜಾ ಎಲ್ಲೈತಿ? ಇದು ಭಂಗಿ. ಎಮ್ಮಿ ಔಷಧ.’

ಅದೂ ಸುಳ್ಳಲ್ಲ. ಕರುವಿಗೆ ಭೇದಿ ಹತ್ತಿದರೆ ಈ ಎಲೆ ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಾಳೆ, ನಿಲ್ಲುತ್ತದೆ. ಅತ್ತೆಯ ಅತ್ತೆಯ ಕಾಲದಿಂದ ಅದೇ ಬೀಜ. ಆ ವಾಡಿ ಬಿಟ್ಟರೆ ಎಲ್ಲೂ ಇಲ್ಲ. ಹೋದ ವರ್ಷದ ಬೀಜ ಮಾಡು ಸೋರಿ ಕೊಳೆತು ಹೋಗಿದೆ. ಈ ಎರಡು ಗಿಡ ಹೋದರೆ ಮುಗಿಯಿತು.

ಗಿಡ ನೋಡಿದೆ. ಬೀಜ ಬಲಿತಿದೆ. ಮುಟ್ಟಿದರೆ ಉದುರುತ್ತದೆ.

‘ಹಂಗಾರ ಇವತ್ತ ಬೀಜಾ ತಕ್ಕೊಂಡು ಗಿಡಾ ಸುಡು.’

‘ಅಮಾಸಿ ಆಗೂತನಕ ಬೀಜಕ್ಕ ಕೈ ಹಚ್ಚಂಗಿಲ್ಲ. ನಮ್ಮತ್ತಿ ಹಚ್ಚಿಲ್ಲ, ಅವರತ್ತಿ ಹಚ್ಚಿಲ್ಲ.’

‘ಅಮಾಸಿ ಮುಂದಿನ ರವಿವಾರ ಐತಿ. ಅಷ್ಟರಾಗ ಜೀಪ ಬಂದ್ರ?’

‘ಬಂದ್ರ ಚಾ ಕುಡದ ಹೋಗ್ಲಿ.’

ಹಟಮಾರಿ ಮುದುಕಿ. ಅಮಾಸೆ ದಿನ ಗಿಡಕ್ಕೆ ಕಂಬಳಿ ಸುತ್ತಿ, ಅದರೊಳಗೇ ಬೀಜ ಉದುರಿಸುವುದು ಪದ್ಧತಿ. ಸಣ್ಣವಳಿದ್ದಾಗ ಬಲಿತ ಗಿಡವೊಂದನ್ನು ತಲೆಕೆಳಗು ಮಾಡಿ ಎಳೆದುಕೊಂಡು ಬಂದಿದ್ದೆ. ‘ಬೀಜೆಲ್ಲಾ ಹಾದಿಪಾಲ ಮಾಡಿದಿ’ ಅಂತ ಬೆನ್ನಿಗೆ ಎರಡು ಬಿಟ್ಟಿದ್ದಳು.

ಅತ್ತ ದರಿ, ಇತ್ತ ಪುಲಿ. ಬರುವಾಗ ಅಳು ಬಂತು. ಸಿಟ್ಟೂ ಬಂತು.

ನವೆಂಬರ್ 26, ಮಂಗಳವಾರ

ಜೀಪು ಏನಾಯಿತು ನೋಡಿ ಬಾ ಅಂತ ಸಾಹೇಬರು ಕಳಿಸಿದರು. ಆಟೋ ನಗರ. ಮೇಸ್ತ್ರಿ ನಾಗಲಿಂಗ ಜೀಪಿನ ಕೆಳಗಿಂದಲೇ ಕೇಳಿದ, ‘ಅರ್ಜಂಟ್ ಐತೇನ್ರಿ ಮೇಡಂ?’

‘ಏನಿಲ್ಲ. ಸಾವಕಾಶ ಮಾಡ್ರಿ. ಸೋಮವಾರ ಕೊಟ್ರೂ ನಡೀತೈತಿ.’

ಇಷ್ಟೇ ನನ್ನ ಕೈಲಾದದ್ದು.

ನವೆಂಬರ್ 27, ಬುಧವಾರ

ಜೀಪು ಬಂತು! ಯೂನಿಫಾರ್ಮಿನಲ್ಲಿ ಹೋಗಿ ‘ಸಾವಕಾಶ’ ಅಂದರೆ ಸಿಟ್ಟಿಗೆದ್ದು ಹೇಳಿದೆ ಅಂತ ತಿಳಿದನಂತೆ ನಾಗಲಿಂಗ. ಬೇರೆ ಗಾಡಿ ಬಿಟ್ಟು ರಾತ್ರಿಯೇ ಮುಗಿಸಿದ್ದಾನೆ. ‘ಪ್ರಮಿಳಾ ಹೋದ್ರ ಕೆಲಸ ಆದಂಗ’ ಅಂತ ಸಾಹೇಬರ ಶಾಬಾಸ್‌ಗಿರಿ.

ನವೆಂಬರ್ 28, ಗುರುವಾರ

ಹೋದೆವು. ಸಾಹೇಬರು, ಗಾರ್ಡ್ ಕಲ್ಮೇಶ, ನಾನು. ಡಾಂಬರು ಮುಗಿದಲ್ಲಿ ಜೀಪು ಬಿಟ್ಟು ನಡಿಗೆ.

ಅತ್ತೆ ಖರೇನೇ ಚಾ ಕಾಸಿದಳು. ಸಾಹೇಬರು ಬೇಡ ಅಂದರು. ಕಲ್ಮೇಶ ಕುಡಿದ. ಫೋಟೋ, ವಿಡಿಯೋ, ಪಂಚನಾಮೆ. ಅತ್ತೆಯ ಮೈ ತಪಾಸಣೆ ನಾನೇ ಮಾಡಬೇಕು. ಮಾಡಿದೆ. ಸೊಂಟದ ಚೀಲದಲ್ಲಿ ಎಲೆ ಅಡಿಕೆ, ಸುಣ್ಣದ ಡಬ್ಬಿ. ಅವಳು ನನ್ನ ಮುಖ ನೋಡಲಿಲ್ಲ.

ಕಲ್ಮೇಶ ಗಿಡ ಕಿತ್ತ. ಎರಡೂ ಕೈಗೆ ಒಂದೊಂದು ಬುಡ ಹಿಡಿದು, ತಲೆ ನೆಲಕ್ಕೆ ಬಿಟ್ಟು, ದರದರ ಎಳೆದುಕೊಂಡು ಹೊರಟ. ಅತ್ತೆ ಹೆಗಲ ಮೇಲಿನ ಕಂಬಳಿಗೆ ಕೈ ಹಾಕಿದಳು. ಗಿಡಕ್ಕೆ ಸುತ್ತಲು ಕೊಡಬೇಕೆಂದಳೇನೋ. ಆಗ ನನ್ನನ್ನು ನೋಡಿದಳು.

ಒಂದು ಮಾತು ಸಾಕಿತ್ತು — ಕಲ್ಮೇಶ, ಎತ್ತಿ ಹಿಡಿ, ಉದುರತಾವ. ನಾನು ಹೇಳಲಿಲ್ಲ. ಅವಳೂ ಕೈ ಹಿಂದೆ ತೆಗೆದುಕೊಂಡಳು.

ಹಾದಿಗುಂಟ ಸರಸರ ಸದ್ದು. ಅರೆಸ್ಟ್ ಆದ ಅತ್ತೆಯನ್ನು ಕರೆದುಕೊಂಡು ನಾನು ಹಿಂದೆ, ಕೆಳಗೆ ನೋಡದೆ ನಡೆದೆ.

ಸಂಜೆ ಜೀಪು ಗುಡಿಸಲು ಕಲ್ಮೇಶ ಬಂದ. ‘ಬಿಡಪಾ, ನಾ ಗುಡಸ್ತೇನಿ’ ಅಂದೆ. ಕಸ ಆಫೀಸಿನ ಕಂಪೌಂಡ್ ಗೋಡೆಯ ಬುಡಕ್ಕೆ ಹಾಕಿದೆ.

ಡಿಸೆಂಬರ್ 2, ಸೋಮವಾರ

ಅತ್ತೆಗೆ ಜಾಮೀನು ಸಿಕ್ಕಿತು. ಪ್ರತಿ ಸೋಮವಾರ ನಮ್ಮ ಆಫೀಸಿಗೆ ಬಂದು ಹೆಬ್ಬೆಟ್ಟು ಒತ್ತಬೇಕು. ಅಮಾಸೆ ನಿನ್ನೆ ಆಗಿ ಹೋಯಿತು.

ಫೆಬ್ರವರಿ 10, ಸೋಮವಾರ

ಅತ್ತೆ ಬಂದಳು, ಒತ್ತಿದಳು, ಹೋದಳು. ಎಳೆಗರು ಭೇದಿ ಹತ್ತಿ ಸತ್ತಿದೆ. ಇದನ್ನು ಕಲ್ಮೇಶನಿಗೆ ಹೇಳಿದಳು. ನನಗಲ್ಲ. ನನ್ನ ಡಬ್ಬಿಯ ರೊಟ್ಟಿ ಕೊಟ್ಟರೆ ‘ಉಂಡ ಬಂದೇನಿ’ ಅಂದಳು. ಇಷ್ಟು ವಾರದಲ್ಲಿ ಅದೊಂದೇ ಮಾತು.

ಜೂನ್ 9, ಸೋಮವಾರ

ಮಳೆ ಹಿಡಿದು ವಾರವಾಯಿತು. ಛತ್ರಿ ಕಡ್ಡಿ ಮುರಿದಿದೆ.

ಗೋಡೆಯ ಬುಡದಲ್ಲಿ ಮೊಳಕೆ. ಬೆರಳುದ್ದ, ಎಲೆಯ ಅಂಚೆಲ್ಲ ಗರಗಸ. ನೋಡಿದ ಕೂಡಲೇ ಗೊತ್ತಾಯಿತು. ಕಿತ್ತು ಹಾಕುವುದು ನನ್ನ ಡ್ಯೂಟಿ. ಬದಲು ಸಂತೆಯಿಂದ ಚೆಂಡುಹೂವಿನ ಸಸಿ ತಂದು ಸುತ್ತ ಹಚ್ಚಿದೆ. ಎಲೆ ಹೆಚ್ಚು ಕಡಿಮೆ ಒಂದೇ ತರ, ದೂರದಿಂದ.

ಅತ್ತೆ ಇವತ್ತು ಬರಲಿಲ್ಲ. ಹಳ್ಳ ತುಂಬಿದೆಯಂತೆ.

ಜೂನ್ 16, ಸೋಮವಾರ, ಮಧ್ಯಾಹ್ನ. ಆಫೀಸಿನಲ್ಲೇ ಬರೆಯುತ್ತಿದ್ದೇನೆ.

ಅತ್ತೆ ಬಂದಳು. ಹೆಬ್ಬೆಟ್ಟಿನ ಮಸಿ ಸೆರಗಿಗೆ ಒರೆಸುವಾಗ ಗೋಡೆಯ ಕಡೆ ಕಣ್ಣು ಮಾಡಿ ತೋರಿಸಿದೆ. ಹೋಗಿ ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಬಾಜು ಬಂದಳು.

‘ಹಾದಿಗುಂಟ ಹುಟ್ಟೇತಿ ಯವ್ವಾ. ನಮ್ಮ ಕೊಟ್ಟಿಗಿಯಿಂದ ಡಾಂಬರದ ತನಕ. ಎಮ್ಮಿ ಕಾಯೂ ಹೆಣಮಕ್ಕಳೆಲ್ಲ ಒಂದೊಂದ ನೋಡಕೊಂಡಾರ.’

‘ಮತ್ತ ಯಾರರ ಫೋನ್ ಮಾಡಿದ್ರ, ಅತ್ತಿ?’

‘ಮಾಡ್ಲಿ. ಹಾದಿ ಯಾರ ಹೆಸರಿಲೆ ಐತಿ? ಯಾರ ಮ್ಯಾಲ ಕೇಸ ಹಾಕತೀರಿ?’

ನಕ್ಕುಬಿಟ್ಟೆ. ಅವಳೂ ನಕ್ಕಳು. ನಂತರ ಸಣ್ಣ ದನಿಯಲ್ಲಿ, ‘ಇಲ್ಲಿದ್ದದ್ದ ಕಿತ್ತ ಬಿಡು. ನಿನ್ನ ನೌಕರಿ ಐತಿ.’

ಡಬ್ಬಿ ಕೊಟ್ಟೆ. ಇಸಿದುಕೊಂಡು ಆ ಗೋಡೆಯ ಹತ್ತಿರವೇ ಕಂಬಳಿ ಹಾಸಿ ಉಣ್ಣಲು ಕುಳಿತಿದ್ದಾಳೆ. ಕಿಟಕಿಯಿಂದ ಕಾಣುತ್ತಾಳೆ. ಮನಸ್ಸು ಹಗುರ ಆಗಿದೆ, ಖರೇ ಹೇಳಬೇಕೆಂದರೆ ಎಷ್ಟೋ ತಿಂಗಳ ಮೇಲೆ.

ಸಾಹೇಬರು ಹೊರಗೆ ಹೋದರು… ಗೋಡೆಯ ಕಡೆಗೇ. ಬಾಗಿ ನೋಡುತ್ತಿದ್ದಾರೆ. ಅತ್ತೆ ಎದ್ದು ನಿಂತಳು, ಕೈ ಜೋಡಿಸಿ ಏನೋ ಹೇಳಹೊರಟಿದ್ದಾಳೆ — ತಪ್ಪೆಲ್ಲ ತನ್ನ ಮೇಲೆ ಹಾಕಿಕೊಳ್ಳುತ್ತಾಳೆ ಈ ಮುದುಕಿ.

‘ಪ್ರಮಿಳಾ! ಇದ ಯಾರ ಹಚ್ಚಿದ್ದು?’

ಹೋಗಬೇಕು. ಅವಳಿಗಿಂತ ಮೊದಲು ಹೇಳಬೇಕು. ಚೆಂಡುಹೂವು ಸರ್, ನಾನೇ ಹಚ್ಚಿದ್ದು —