ಒದ್ದ ಕಂಪ್ಯೂಟರ್

ಮಾರ್ಚ್ ೪, ಬೆಳಿಗ್ಗೆ ೧೦

ಅಂಗಡಿ ತೆರೆದೆ. ಎರಡು ಪ್ರಿಂಟರ್ ರಿಪೇರಿ ಮುಗಿಯಿತು. ಮೂರನೆಯದು ನಮ್ಮ ಮನೆಯ ಕಂಪ್ಯೂಟರ್. ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ಆಮೇಲೆ ಕಪ್ಪು ಪರದೆ — ಹಾರ್ಡ್ ಡಿಸ್ಕ್ ಸಿಗುತ್ತಿಲ್ಲವಂತೆ. ಕೆಳಗೆ ಬಿದ್ದಿತ್ತು.

ಸುಳ್ಳು. ಯಾರೂ ಓದದ ಡೈರಿಯಲ್ಲೂ ಸುಳ್ಳೇ? ಒದ್ದೆ. ನಿನ್ನೆ ಮಧ್ಯಾಹ್ನ ಊಟಕ್ಕೆ ಕರೆದರೆ, "ಇದೊಂದು ಪುಟ ಮುಗಿಸಿ ಬರ್ತೀನಿ" ಅಂದಳು ಹೆಂಡತಿ, ಕಂಪ್ಯೂಟರ್ ಮುಂದಿಂದಲೇ. ತಲೆ ಕೆಟ್ಟಿತು. ಮೊದಲ ಒದೆ ಡಬ್ಬಕ್ಕೆ. ಅವಳು ಕೈ ಅಡ್ಡ ಹಿಡಿದಳು. ಎರಡನೆಯದು ಮಣಿಕಟ್ಟಿಗೆ. ಲಟಕ್ಕೆಂದಿತು.

ಆಸ್ಪತ್ರೆಯಲ್ಲಿ "ಮೆಟ್ಟಿಲಿಂದ ಜಾರಿದೆ" ಅಂದಳು. ನಾನು ತಲೆಯಾಡಿಸಿದೆ.

ಮಾರ್ಚ್ ೫, ಸಂಜೆ

ಕೇಬಲ್ ಬದಲಿಸಿದೆ. ಬೇರೆ ಪೋರ್ಟಿಗೆ ಹಾಕಿದೆ. ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ಬಯೋಸ್ ತೆರೆದರೆ ಡಿಸ್ಕ್ ಇರಬೇಕಾದ ಜಾಗ ಖಾಲಿ.

ಅವಳು ಕಿವುಡ ಮಕ್ಕಳ ಶಾಲೆಯ ಟೀಚರ್. ಒಳಗಿರುವುದು ಸನ್ನೆ ಭಾಷೆಯ ನಿಘಂಟು. ಮೂರು ವರ್ಷದ ದುಡಿಮೆ, ಎರಡು ಸಾವಿರ ಫೋಟೋ. ಎಲ್ಲದರಲ್ಲೂ ಅವಳದೇ ಕೈ.

ಮನೆಗೆ ಬಂದೊಡನೆ ಅವಳು ಕೇಳಿದಳು, "ಸಿಗುತ್ತಾ?"

"ನೋಡ್ತಿದ್ದೀನಿ."

"ಸಿಗುತ್ತಾ, ಇಲ್ವಾ? ಅಷ್ಟು ಹೇಳಿ."

ಗೋಡೆಗೆ ಗುದ್ದಿದೆ. ಗೆಣ್ಣು ಒಡೆದು ರಕ್ತ ಬಂತು. ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದು ಮೂಲೆ ಸೇರಿದ್ದಳು.

ಮಾರ್ಚ್ ೯

ಮೂರು ದಿನ ಪೆನ್ನು ಹಿಡಿಯಲಾಗಲಿಲ್ಲ.

ಆರನೇ ತಾರೀಕು ಅವಳ ಅಣ್ಣ ಅಂಗಡಿಗೆ ಬಂದ. ಬಸ್ ಓಡಿಸುವವನು, ಕೈ ಕಬ್ಬಿಣ. ಶಟರ್ ಅರ್ಧ ಎಳೆದ.

"ಮೆಟ್ಟಿಲಿಂದ ಜಾರಿದಳಾ? ನಿಮ್ಮನೇಲಿ ಮೆಟ್ಟಿಲು ಎಲ್ಲಿದೆಯೋ?"

ಕತ್ತು ಹಿಡಿದು ಮುಖವನ್ನು ಕೌಂಟರಿನ ಗಾಜಿಗೆ ಕುಟ್ಟಿದ. ಒಮ್ಮೆ. ಮತ್ತೊಮ್ಮೆ. ಬಾಯಲ್ಲಿ ಹಲ್ಲು, ಗಾಜು, ರಕ್ತ... ನನ್ನ ಬೆರಳುಗಳನ್ನು ಬೂಟುಗಾಲಲ್ಲಿ ತುಳಿದ. ತಂಗಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದ.

ಮಾರ್ಚ್ ೧೧, ಮಧ್ಯಾಹ್ನ

ಸಿಕ್ಕಿತು! ಡಿಸ್ಕಿಗೆ ಕರೆಂಟು ಹೋಗುವ ಪಿನ್ನಿನ ಬುಡ ಬಿರುಕು ಬಿಟ್ಟಿತ್ತು. ಕೂದಲೆಳೆಯಷ್ಟು. ಊದಿದ ಬೆರಳಲ್ಲೇ ಬೆಸುಗೆ ಹಾಕಿದೆ. ನಿಘಂಟು ಇಡಿಯಾಗಿ ಇದೆ.

ಪಕ್ಕದಲ್ಲಿ 'ಹೊಲಿಗೆ ಡಿಸೈನ್' ಎಂಬ ಫೋಲ್ಡರ್. ಅವಳು ಸೂಜಿ ಹಿಡಿದದ್ದನ್ನೇ ನಾನು ಕಂಡಿಲ್ಲ. ತೆರೆದೆ.

ನೀಲಿಗಟ್ಟಿದ ತೋಳು. ಒಡೆದ ತುಟಿ. ಬೆನ್ನ ಮೇಲೆ ಬೆಲ್ಟಿನ ಬಕಲ್ ಗುರುತು. ಒಂದೊಂದಕ್ಕೂ ತಾರೀಕು. ಅರ್ಧಕ್ಕರ್ಧ ನನಗೆ ನೆನಪೇ ಇಲ್ಲ.

ಸುತ್ತಿಗೆ ಎತ್ತಿಕೊಂಡೆ. ನಿಘಂಟು ಕಾಪಿ ಮಾಡಿ ಡಿಸ್ಕಿಗೆ ಒಂದೇಟು ಹಾಕಿದರೆ ಸಾಕು. ಕಾಪಿ ಮಾಡುತ್ತಿದ್ದಂತೆ ಡಿಸ್ಕ್ ಸತ್ತುಹೋಯಿತು ಅಂದರೆ ಯಾರು ಕೇಳುತ್ತಾರೆ?

ಎತ್ತಿದ ಕೈ ಎತ್ತಿದಂತೆಯೇ ಇತ್ತು. ಆ ಕೈಯನ್ನೇ ನೋಡಿದೆ. ಅವಳಿಗೆ ಕಾಣುತ್ತಿದ್ದದ್ದು ಇದೇ ಅಲ್ಲವೇ... ಸುತ್ತಿಗೆ ಕೆಳಗಿಟ್ಟೆ.

ಮಾರ್ಚ್ ೧೨

ಅವಳ ಅಣ್ಣನ ಮನೆಗೆ ಹೋದೆ. ಅವಳು ಹೊಸ್ತಿಲು ದಾಟಲಿಲ್ಲ. ಡಿಸ್ಕನ್ನು ನೆಲದ ಮೇಲಿಟ್ಟು ಹಿಂದೆ ಸರಿದೆ.

"ಎಲ್ಲಾ ಇದೆ. ಹೊಲಿಗೆ ಫೋಲ್ಡರ್ ಕೂಡ."

"ನೋಡಿದ್ರಾ?"

"ನಲವತ್ತೊಂದು ಫೋಟೋ."

"ಫೋಟೋ ತೆಗೆಯೋಕಾಗದ ದಿನಗಳು ಅದ್ರಲ್ಲಿಲ್ಲ." ಎಡಗೈಯಲ್ಲಿ ಡಿಸ್ಕ್ ಎತ್ತಿಕೊಂಡಳು. "ನಾಳೆ ಸ್ಟೇಷನ್ನಿಗೆ ಹೋಗ್ತೀನಿ. ಇನ್ನು ಇಲ್ಲಿಗೆ ಬರ್ಬೇಡಿ."

ಮಾರ್ಚ್ ೧೩, ಮಧ್ಯಾಹ್ನ ೧೨

ಸ್ಟೇಷನ್ನಿನ ಬೆಂಚು. ನಾನಾಗೇ ಬಂದೆ. ಇನ್‌ಸ್ಪೆಕ್ಟರಮ್ಮ ಬಿಳಿ ಹಾಳೆ ಕೊಟ್ಟು, "ಆಗಿದ್ದು ಆದ ಹಾಗೆ ಬರೀರಿ" ಅಂದರು. ಎರಡು ಹಾಳೆ ಹರಿದೆ. ಎರಡರಲ್ಲೂ 'ಸಿಟ್ಟಿನ ಭರದಲ್ಲಿ' ಎಂದು ಶುರು ಮಾಡಿದ್ದೆ. ಮೂರನೆಯದಕ್ಕೆ ಮೊದಲು ಇಲ್ಲಿ ಬರೆದು ನೋಡುತ್ತೇನೆ —

ನಾನು ಏಳು ವರ್ಷದಿಂದ ನನ್ನ ಹೆಂಡತಿಯನ್ನು ಹೊಡೆಯುತ್ತಾ ಬಂದಿದ್ದೇನೆ.