ಬೇಲಿಯ ಮೇಲಿನ ಹಿಮ

ಅಕ್ಟೋಬರ್ ೯, ಗುರುವಾರ

ತೇಗಿದರೆ ಒದ್ದೆ ಕಾಲುಚೀಲದ ವಾಸನೆ. ಮೂರು ಸಲ ಬಾಯಿ ಮುಕ್ಕಳಿಸಿದರೂ ಹೋಗಿಲ್ಲ. ಥೂ!

ಮೊದಲ ಹಿಮ ಬೀಳದೆ ಕಲೀನಾ ಹಣ್ಣು ಕೀಳಬಾರದು, ಕಹಿ ಇಳಿದಿರುವುದಿಲ್ಲ ಎಂಬುದು ಅಗಾಫ್ಯಾ ಅಜ್ಜಿಯ ಧರ್ಮಶಾಸ್ತ್ರ. ನಾನೋ ಭಾನುವಾರವೇ ಹಾಸ್ಟೆಲಿಗೆ ಹಿಂದಿರುಗಬೇಕಾದವನು. ಅವಳು ಆ ಹಣ್ಣಿನಿಂದ ಕಾಸುವ ಕಿಸೆಲ್ ಕುಡಿಯದೆ ಹೋಗುವುದುಂಟೆ? ಬೆಳಗಿನ ಜಾವ ಬೇಲಿಯ ಮೇಲೆಲ್ಲ ಮೈದಾಹಿಟ್ಟು ಉದುರಿಸಿ, "ಅಜ್ಜೀ, ಹಿಮ ಬಿತ್ತು!" ಎಂದು ಘೋಷಿಸಿದೆ. ಅವಳು ಕಿಟಕಿಯಿಂದ ಇಣುಕಿ, ಶಿಲುಬೆಯ ಗುರುತು ಹಾಕಿಕೊಂಡು, ನನ್ನ ಕೈಗೆ ಬುಟ್ಟಿ ಕೊಟ್ಟಳು.

ಸಂಜೆ ಕೆಂಪಗೆ, ಲೋಳೆಲೋಳೆಯಾಗಿ ಕಿಸೆಲ್ ಬಂತು. ಒಂದು ಗುಟುಕಿಗೇ ನಾಲಿಗೆಯೆಲ್ಲ ಕಹಿ ವಿಷ.

"ಹೆಂಗೈತೆ, ಸವ್ಕಾ?"

"ಅಮೃತ, ಅಜ್ಜಿ."

"ಹಂಗಾರೆ ಇನ್ನೊಂದು ಬಟ್ಟಲು ಕುಡಿ, ಕಂದಾ. ಹಿಮ ಬಿದ್ದ ಹಣ್ಣಲ್ವಾ, ಸಕ್ಕರೆ ಹಾಕ್ಲೇ ಇಲ್ಲ."

"ನಿಂಗೆ?"

"ನಂಗೆ ಹಲ್ಲುನೋವು."

ಸುಳ್ಳು ಒಪ್ಪಿಕೊಂಡಿದ್ದರೆ ಒಂದೇ ಬಟ್ಟಲಿಗೆ ಮುಗಿಯುತ್ತಿತ್ತು. ಆದರೆ ಮಾನ! ಹುತಾತ್ಮನಂತೆ ಮೂರು ಬಟ್ಟಲು ಇಳಿಸಿದೆ.

ಈಗಷ್ಟೇ ಮಲಗಲು ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು: "ಸವ್ಕಾ, ಬೆಳಿಗ್ಗೆ ಎದ್ದು ಬೇಲಿ ಮೇಲಿನ ಹಿಮ ಗುಡಿಸ್ಕೊಂಡು ಬಾ. ಬ್ಲಿನಿ ಹುಯ್ಯೋಕೆ ಹಿಟ್ಟು ಸಾಲ್ದು."

ಅಯ್ಯೋ, ಮತ್ತೆ ತೇಗು—