ಹನ್ನೆರಡನೇ ತಾರೀಖಿನ ಹಡಗು

ಹಡಗು ಕಂಪನಿಯ ಬುಕಿಂಗ್ ವಿಭಾಗದವರಿಗೆ,

ನಮಸ್ಕಾರ. ಹನ್ನೆರಡನೇ ತಾರೀಖಿನ ಪ್ರಯಾಣ ರದ್ದಾಗಿದೆ, ಮುಂದಿನ ವರ್ಷದ ಹಡಗಿನಲ್ಲಿ ಜಾಗ ಕೊಡುತ್ತೇವೆ ಎಂಬ ನಿಮ್ಮ ಪತ್ರ ತಲುಪಿತು. ನಾವು ಎರಡು ವರ್ಷ ಮೊದಲೇ ಬುಕ್ ಮಾಡಿದ್ದೆವು. ನಾನು ದರ್ಜಿ; ಆಗಲೇ ನಮ್ಮ ಯಜಮಾನರಿಗೆ ಕೋಟು ಹೊಲಿದಿಟ್ಟೆ. ಅವರು ಕಾಯಿಲೆ ಬಿದ್ದ ಮೇಲೆ ಅದನ್ನು ಮೂರು ಸಲ ಬಿಗಿ ಮಾಡಿದ್ದೇನೆ. ಡಾಕ್ಟರು ಮುಂದಿನ ವರ್ಷದ ಮಾತೇ ಎತ್ತುವುದಿಲ್ಲ.

ಇನ್ನು ಪತ್ರಗಳನ್ನು ಮನೆಗೆ ಹಾಕಬೇಡಿ, ಅಂಗಡಿಗೆ ಹಾಕಿ. ಇವರು ದಿನಾ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಒಂದು ದಿನ ಹೊಡೆದುಹಾಕಿ, "ಗುಂಡಿ ಗಟ್ಟಿಯಾಗಿ ಹಾಕಿದ್ದೀಯ ತಾನೆ? ಸಮುದ್ರದ ಗಾಳಿ ಕಣೇ" ಅನ್ನುತ್ತಾರೆ. "ಹೂಂ ರೀ" ಅನ್ನುತ್ತೇನೆ.

ಅಕಸ್ಮಾತ್ ಅವರೇ ಫೋನ್ ಮಾಡಿದರೆ, ಹಡಗು ಹನ್ನೆರಡನೇ ತಾರೀಖಿಗೇ ಹೊರಡುತ್ತದೆ ಎಂದು ಹೇಳಿಬಿಡಿ.

ಇಂತಿ,
ಕಿಟಕಿಯಿರುವ ಕೋಣೆ ಕೇಳಿದ್ದ ದರ್ಜಿ